ಕೆರೆ ಮೀನಿಗೆ ಚಾಕು ಮಾಡಿಸುವವರಿಗೆ

ಮೀನಿನ ಚಾಕು ಅಂತ ಯೂಟ್ಯೂಬ್‌ನಲ್ಲಿ ಹುಡುಕಿ ನೋಡಿ. ಉದ್ದನೆಯ, ತೆಳ್ಳನೆಯ, ಬಳುಕುವ ಅಲಗೊಂದು ಸಾಲ್ಮನ್ ಮೀನಿನ ಬೆನ್ನೆಲುಬಿನ ಮೇಲೆ ಜಾರಿಕೊಂಡು ಹೋಗಿ ಮುಳ್ಳಿಲ್ಲದ ಮಾಂಸವನ್ನು ಇಡಿಯಾಗಿ ಬಿಡಿಸುತ್ತದೆ. ನೋಡೋಕೆ ಚಂದ. ಆದರೆ ಕೋಲಾರ, ಚಿಕ್ಕಬಳ್ಳಾಪುರದ ಕಡೆ ನಾವು ಮೀನು ತಿನ್ನುವ ರೀತಿಯೇ ಬೇರೆ. ಕಾಟ್ಲಾ, ರೋಹು, ಮೃಗಾಲ್ ಯಾವುದೇ ಸಿಗಲಿ, ಮುಳ್ಳಿನ ಸಮೇತ ಅಡ್ಡಡ್ಡ ತುಂಡು ಹಾಕಿ, ಹುಣಸೆಹುಳಿ ಬಿಟ್ಟು ಸಾರು ಮಾಡಿ, ಮುದ್ದೆ ಜೊತೆ ಉಣ್ಣುವವರು ನಾವು. ಅದಕ್ಕೆ ಕಾರಣವೂ ಇದೆ. ಈ ಗೆಂಡೆ ಜಾತಿಯ ಮೀನುಗಳ ಮಾಂಸದೊಳಗೆ ಬೆನ್ನೆಲುಬಿಗೆ ಅಂಟಿಕೊಳ್ಳದ ಸಣ್ಣ ಸಣ್ಣ ಕವಲು ಮುಳ್ಳುಗಳಿರುತ್ತವೆ. ಬೆನ್ನೆಲುಬಿನ ಪಕ್ಕ ಎಷ್ಟೇ ನಾಜೂಕಾಗಿ ಚಾಕು ಆಡಿಸಿದರೂ ಅವು ಮಾಂಸದಲ್ಲೇ ಉಳಿಯುತ್ತವೆ. ಹಾಗಾಗಿ ಸಾಲ್ಮನ್‌ಗೆ ಮಾಡಿದ ಚಾಕುವಿನ ನಕ್ಷೆಯನ್ನು ಹಾಗೇ ಕಮ್ಮಾರನ ಮುಂದಿಟ್ಟರೆ ದುಡ್ಡು ದಂಡ.

ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯತೊಡಗಿತು. ವರ್ಷಗಟ್ಟಲೆ ಜಾಲಿ ಬೆಳೆದು ನಿಂತಿದ್ದ ಕೆರೆಗಳಲ್ಲಿ ನೀರು ನಿಂತಿತು, ಏರಿಯ ಮೇಲೆ ಗಾಳ ಹಿಡಿದು ಕೂರುವವರೂ ಬಂದರು. (ಎಷ್ಟೋ ಕೆರೆಗಳ ಮೀನು ಗುತ್ತಿಗೆಗೆ ಹೋಗಿರುತ್ತದೆ. ಗಾಳ ಹಾಕುವ ಮೊದಲು ಒಂದು ಮಾತು ಕೇಳುವುದು ಒಳ್ಳೆಯದು.) ಏರಿಯ ಮೇಲೆ ಕೂತವನಿಗೆ ಚಾಕುವಿನಿಂದ ಆಗಬೇಕಾದ ಕೆಲಸಗಳು ಕೆಲವೇ. ದಾರ ಕತ್ತರಿಸಬೇಕು, ಹೊಟ್ಟೆ ಸೀಳಬೇಕು, ಕಿವಿರು ಕಿತ್ತು ತೆಗೆಯಬೇಕು, ಪೊರೆ ಹೆರೆಯಬೇಕು, ಜಿಲೇಬಿ (ತಿಲಾಪಿಯಾ) ಮೀನಿನ ಬೆನ್ನ ಮೇಲಿನ ಚೂಪು ಮುಳ್ಳು ಕತ್ತರಿಸಬೇಕು. ಕಾಟ್ಲಾದ ದಪ್ಪ ತಲೆ ಒಡೆಯೋದು, ನಡುಮೂಳೆ ತುಂಡರಿಸೋದು ಮನೆಯಲ್ಲಿ ಕೊರಡು, ಮಚ್ಚಿನ ಕೆಲಸ. ಅದನ್ನೂ ಇದರಿಂದಲೇ ಮಾಡುತ್ತೇನೆ ಅಂತ ಹೊರಟರೆ ಚಾಕು ಎರಡಕ್ಕೂ ಒಗ್ಗುವುದಿಲ್ಲ.

ಮಡಚುವ ಚಾಕು ಜೇಬಿಗೆ ಅನುಕೂಲ, ಮೀನಿಗೆ ಅಲ್ಲ. ಕೀಲಿನ ಸಂದಿಯಲ್ಲಿ ಪೊರೆ, ರಕ್ತ, ಲೋಳೆ ಸೇರಿಕೊಂಡರೆ ತೊಳೆದರೂ ಹೋಗುವುದಿಲ್ಲ, ಮಾರನೆಯ ದಿನ ನಾತ ಹೊಡೆಯುತ್ತದೆ. ಮಡಚದ, ಒಂದೇ ತುಂಡಿನ ಅಲಗೇ ಸರಿ. ಒಂದೆರಡು ಕಿಲೋ ಮೀನಿಗೆ 12 ಸೆಂ.ಮೀ. ಉದ್ದ ಧಾರಾಳ.

ಬಂಗಾರಪೇಟೆ ರಸ್ತೆಯ ಕುಲುಮೆಯೊಂದರಲ್ಲಿ ನನ್ನ ನಕ್ಷೆ ನೋಡಿದ ಆಚಾರಿ ಹೆಸರು, ಉದ್ದ ಏನನ್ನೂ ಕೇಳಲಿಲ್ಲ. ಅಲಗಿನ ದಪ್ಪ 4 ಮಿ.ಮೀ. ಅಂತ ಬರೆದಿದ್ದ ಜಾಗದ ಮೇಲೆ ಬೆರಳಿಟ್ಟು, "ಇದು ಮೀನು ಕೊಯ್ಯೋಕಾ ಸಾರ್, ಮರ ಕಡಿಯೋಕಾ?" ಅಂದರು. ಇಡೀ ವಿನ್ಯಾಸ ನಿಂತಿರುವುದು ಆ ಪ್ರಶ್ನೆಯ ಮೇಲೆ.

ಅಲಗು ಬಳುಕುವುದು ಬಿಡುವುದು ಉಕ್ಕಿನ ಗುಣ, ಹದ ಹಾಕಿದರೆ (ಕಾಯಿಸಿ ತಣಿಸಿ ಗಡುಸು ಮಾಡಿದರೆ) ಬಳುಕುವುದಿಲ್ಲ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಮೆತ್ತನೆಯ ಮೊಳೆಯಿಂದ ಹಿಡಿದು ಗಡುಸಾದ ಅರದ ತನಕ ಯಾವ ಉಕ್ಕನ್ನೇ ತೆಗೆದುಕೊಳ್ಳಿ, ಅದರ ಸ್ಥಿತಿಸ್ಥಾಪಕತ್ವದ ಅಳತೆ, ಅಂದರೆ ಬಾಗಿಸಲು ಹೋದರೆ ಎಷ್ಟು ಎದುರು ನಿಲ್ಲುತ್ತದೆ ಎಂಬ ಅಂಕಿ, ಸುಮಾರು 200 ಗಿಗಾಪ್ಯಾಸ್ಕಲ್. ಹದ ಹಾಕಿದರೂ ಹಾಕದಿದ್ದರೂ ಆ ಅಂಕಿ ಹೆಚ್ಚುಕಡಿಮೆ ಕದಲುವುದಿಲ್ಲ. ಬಾಗಿಸಲು ಎಷ್ಟು ಬಲ ಬೇಕು ಎಂಬುದು ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 2 ಮಿ.ಮೀ. ಅಲಗಿಗಿಂತ 3 ಮಿ.ಮೀ. ಅಲಗು 3.4 ಪಟ್ಟು ಬಿಗಿ, 4 ಮಿ.ಮೀ. ಆದರೆ 8 ಪಟ್ಟು.

ಹಾಗಾದರೆ ಹದ ಮಾಡುವುದೇನು? ಬಾಗಿದ ಅಲಗು ವಾಪಸ್ ನೆಟ್ಟಗಾಗುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುತ್ತದೆ. 2 ಮಿ.ಮೀ. ಅಲಗನ್ನು 20 ಸೆಂ.ಮೀ. ತ್ರಿಜ್ಯದ ಕಮಾನಾಗುವಂತೆ ಬಾಗಿಸಿದರೆ ಅದರ ಹೊರಮೈ ಶೇ. 0.5ರಷ್ಟು ಹಿಗ್ಗುತ್ತದೆ, ಅಲ್ಲಿನ ಒತ್ತಡ ಸುಮಾರು 1,000 ಮೆಗಾಪ್ಯಾಸ್ಕಲ್ ಮುಟ್ಟುತ್ತದೆ. ಸಾಧಾರಣ ಮೆತ್ತನೆಯ ಕಬ್ಬಿಣ 250ರ ಆಸುಪಾಸಿನಲ್ಲೇ ಸೋತು, ಬಾಗಿದಂತೆಯೇ ಉಳಿದುಬಿಡುತ್ತದೆ. ಹದ ಹಿಡಿದ ಸ್ಪ್ರಿಂಗ್ ಉಕ್ಕು ಅದನ್ನು ತಾಳಿಕೊಂಡು ಮೊದಲಿನಂತಾಗುತ್ತದೆ. ಅದೇ ಉಕ್ಕಿನಲ್ಲಿ 4 ಮಿ.ಮೀ. ದಪ್ಪದ ಅಲಗು ಮಾಡಿ ಅಷ್ಟೇ ಬಾಗಿಸಿ ನೋಡಿ: ಲೆಕ್ಕದ ಪ್ರಕಾರ ಒತ್ತಡ 2,000ಕ್ಕೆ ಏರುತ್ತದೆ, ಚಾಕು ಡೊಂಕಾಗುತ್ತದೆ ಇಲ್ಲವೇ ಲಟಕ್ಕನೆ ಮುರಿಯುತ್ತದೆ. ದಪ್ಪ ಹೆಚ್ಚಿದಷ್ಟೂ ಗಟ್ಟಿ ಅನ್ನುವ ಲೆಕ್ಕ ಇಲ್ಲಿ ತಲೆಕೆಳಗು. ಕೊನೆಗೆ ನಾವು ಒಪ್ಪಿಕೊಂಡದ್ದು ಹಿಡಿಯ ಹತ್ತಿರ ಬೆನ್ನು 2.5 ಮಿ.ಮೀ., ಮೊನೆಯ ಕಡೆ ಹೋಗುತ್ತಾ 1.5 ಮಿ.ಮೀ.

ಮೊನೆಯ ಆಕಾರ ನಿರ್ಧರಿಸುವುದು ಮೀನಿನ ಪಿತ್ತಕೋಶ. ಹೊಟ್ಟೆ ಸೀಳುವಾಗ ಚೂಪು ಮೊನೆ ಒಂದಿಷ್ಟು ಒಳಗೆ ನುಗ್ಗಿದರೂ ಹಸಿರು ಪಿತ್ತದ ಚೀಲ ಒಡೆದು ಆಚೀಚಿನ ಮಾಂಸವೆಲ್ಲ ಕಹಿ. ಗೆಂಡೆ ಮೀನಿನ ಪಿತ್ತದಲ್ಲಿರುವ ಸೈಪ್ರಿನಾಲ್ ಸಲ್ಫೇಟ್ ಎಂಬ ವಸ್ತು ಮೂತ್ರಪಿಂಡಕ್ಕೆ ವಿಷ. ನಾಟಿ ಔಷಧ ಅಂತ ರೋಹುವಿನ ಹಸಿ ಪಿತ್ತಕೋಶ ನುಂಗಿ ಕಿಡ್ನಿ ಕೆಡಿಸಿಕೊಂಡವರ ಪ್ರಕರಣಗಳು ನಮ್ಮ ದೇಶದ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಆದ್ದರಿಂದ ಮೊನೆಯನ್ನು ಬೆನ್ನಿನ ಗೆರೆಗಿಂತ ಕೊಂಚ ಕೆಳಗಿಳಿಸಿ, ತುದಿಯನ್ನು ಚೂರು ಮೊಂಡು ಮಾಡಿಸಬೇಕು. ಗುದದ್ವಾರದ ಬಳಿ ಚರ್ಮ ತೂರುವಷ್ಟು ಚೂಪು ಇದ್ದರೆ ಸಾಕು. ಆಮೇಲೆ ಚಾಕುವಿನ ಬಾಯಿಯನ್ನು (ಹರಿತದ ಅಂಚನ್ನು) ಹೊರಮುಖ ಮಾಡಿ ತಲೆಯ ಕಡೆಗೆ ಎಳೆದರೆ ಚರ್ಮ ಬಿಚ್ಚಿಕೊಳ್ಳುತ್ತದೆ, ಒಳಗಿನದು ಒಳಗೇ ಇರುತ್ತದೆ.

ಅಲಗಿನ ಬೆನ್ನಿಗೂ ಒಂದು ಕೆಲಸವಿದೆ. ಪೊರೆಯೆಂದರೆ ಕೊಲಾಜೆನ್ ನಾರಿನ ಮೇಲೆ, ನಮ್ಮ ಮೂಳೆಯಲ್ಲೂ ಇರುವ ಹೈಡ್ರಾಕ್ಸಿಅಪಟೈಟ್ ಖನಿಜ ಕೂತ ಬಿಲ್ಲೆ. ಬಾಯಿಯಿಂದ ಅದನ್ನು ಹೆರೆದರೆ ಹರಿತ ಹೋಗುತ್ತದೆ. ಬೆನ್ನಿನ ಅಂಚುಗಳನ್ನು ಉಜ್ಜಿ ಗುಂಡಗೆ ಮಾಡದೆ ಚೌಕವಾಗಿಯೇ ಬಿಡಿ ಎಂದು ಹೇಳಿದರೆ, ಚಾಕು ತಿರುಗಿಸಿ ಹಿಡಿದು ಬಾಲದಿಂದ ತಲೆಯ ಕಡೆಗೆ ಹೆರೆಯಬಹುದು.

ಉಕ್ಕು ಎಲ್ಲಿಂದ? ಕುಲುಮೆಗಳಲ್ಲಿ ಹೆಚ್ಚಾಗಿ ಸಿಗುವುದು ಲಾರಿಯ ಕಮಾನ್ ಪಟ್ಟಿ. ಶೇ. 0.5ರಿಂದ 0.6ರಷ್ಟು ಇಂಗಾಲವಿರುವ ಸ್ಪ್ರಿಂಗ್ ಉಕ್ಕು, ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಆದರೆ ವರ್ಷಗಟ್ಟಲೆ ಲೋಡು ಹೊತ್ತ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರಬಹುದು. ಬಳಸದ ತುಂಡು ಸಿಕ್ಕರೆ ಅದನ್ನೇ ಕೊಡಿಸಿ. ಉಕ್ಕಿನ ವಿಷಯದಲ್ಲಿ ಈ ಸೀಮೆ ಹೊಸದೇನಲ್ಲ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕನನ್, ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ಚೂರಿನ ಜೊತೆ ತಂಗಡಿ ಕಡ್ಡಿ, ಹಸಿ ಎಲೆ ಇಟ್ಟು ಮುಚ್ಚಿ ಕಾಯಿಸಿ ಉಕ್ಕು ಮಾಡುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಕಡ್ಡಿ, ಎಲೆಯಿಂದ ಬರುತ್ತಿದ್ದದ್ದು ಇಂಗಾಲ.

ಆ ಇಂಗಾಲವನ್ನು ಸಿಕ್ಕಿಸುವುದೇ ಹದದ ಗುಟ್ಟು. ಕೆಂಪಗೆ ಕಾದ ಉಕ್ಕಿನಲ್ಲಿ ಕಬ್ಬಿಣದ ಪರಮಾಣುಗಳ ಜೋಡಣೆ ಬದಲಾಗಿ, ನಡುವೆ ಇಂಗಾಲಕ್ಕೆ ಜಾಗ ಆಗುತ್ತದೆ. ನಿಧಾನವಾಗಿ ಆರಿದರೆ ಇಂಗಾಲ ಹೊರಗೆ ಬಂದುಬಿಡುತ್ತದೆ. ಥಟ್ಟನೆ ತಣಿಸಿದರೆ ಹೊರಬರಲು ಪುರುಸೊತ್ತಿಲ್ಲದೆ ಸಿಕ್ಕಿಹಾಕಿಕೊಂಡು ಜೋಡಣೆಯನ್ನೇ ಸೆಟೆಸುತ್ತದೆ. ಆಗ ಹುಟ್ಟುವುದು ಮಾರ್ಟೆನ್ಸೈಟ್: ಬಲು ಗಡುಸು, ಅಷ್ಟೇ ಪೆಡಸು.

ಎಷ್ಟು ಕಾದಿದೆ ಅಂತ ತಿಳಿಯಲು ಒಂದು ಅಯಸ್ಕಾಂತ ಸಾಕು. 770 ಡಿಗ್ರಿ ಸೆಲ್ಸಿಯಸ್ ದಾಟಿದ ಕಬ್ಬಿಣ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಲ್ಲಿಂದ ಬಣ್ಣ ಇನ್ನೊಂದು ಮೆಟ್ಟಿಲು ಏರಿದ ಮೇಲೆ ತೆಗೆಯಬೇಕು. ಬಿಸಿಲಿನಲ್ಲಿ ಆ ಬಣ್ಣ ಗೊತ್ತಾಗುವುದಿಲ್ಲ, ಕುಲುಮೆ ಮಬ್ಬಾಗಿರುವುದು ಸುಮ್ಮನೆ ಅಲ್ಲ. ಗುದ್ದಲಿ, ಹಾರೆಯ ರೂಢಿಯಲ್ಲಿ ಇದನ್ನೂ ನೀರಿಗೆ ಅದ್ದಲು ಹೋದರೆ ತಡೆಯಿರಿ. ಇಷ್ಟು ತೆಳ್ಳಗಿನ ಅಲಗು ನೀರಿನ ಹೊಡೆತಕ್ಕೆ ಬಿರಿಯುವ ಸಂಭವ ಹೆಚ್ಚು. ಎಣ್ಣೆಯಾದರೆ ಹದವಾಗಿ ತಣಿಸುತ್ತದೆ, ಅದೂ 50-60 ಡಿಗ್ರಿಗೆ ಬೆಚ್ಚಗೆ ಮಾಡಿದ ಎಣ್ಣೆ. ಬೆಚ್ಚಗಿದ್ದರೆ ಎಣ್ಣೆ ತೆಳುವಾಗಿ, ಅಲಗಿನ ಸುತ್ತ ಬೇಗ ಹರಿದಾಡಿ ಶಾಖ ಎಳೆದುಕೊಳ್ಳುತ್ತದೆ. ಹಳೇ ಎಂಜಿನ್ ಆಯಿಲ್ ಬೇಡ, ಅದರ ಹೊಗೆ ಕೆಟ್ಟದ್ದು.

ಇಷ್ಟಕ್ಕೇ ಬಿಟ್ಟರೆ ಕೈ ಜಾರಿ ಕಲ್ಲಿನ ಮೇಲೆ ಬಿದ್ದ ಚಾಕು ಎರಡು ತುಂಡು. ಮತ್ತೆ 220-240 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿ ಪೆಡಸುತನ ಇಳಿಸಬೇಕು. ಇದಕ್ಕೆ ಮನೆಯ ಓವನ್ ಸಾಲುತ್ತದೆ. ಉಜ್ಜಿ ಬೆಳ್ಳಗೆ ಮಾಡಿದ ಉಕ್ಕಿನ ಮೇಲೆ ಮೊದಲು ತೆಳು ಹಳದಿ, ಆಮೇಲೆ ಕಂದು, ನೇರಳೆ, ನೀಲಿ ಹೀಗೆ ಬಣ್ಣಗಳು ಏರುತ್ತವೆ. ಆಕ್ಸೈಡ್ ಪದರ ದಪ್ಪವಾದಂತೆ ಬೆಳಕು ಅದರಲ್ಲಿ ಪ್ರತಿಫಲಿಸುವ ಬಗೆ ಬದಲಾಗಿ ಕಾಣುವ ಬಣ್ಣಗಳು ಇವು. ನಮಗೆ ಬೇಕಾದದ್ದು ಗಾಢ ಹಳದಿಯಿಂದ ಕಂದಿನ ನಡುವೆ. ನೀಲಿ ಬರುವುದು 300 ಡಿಗ್ರಿಯ ಹತ್ತಿರ, ಅಷ್ಟು ಹೊತ್ತಿಗೆ ಬಾಯಿಯ ಗಡುಸು ಹೋಗಿರುತ್ತದೆ. ಮುಂದೆ ಸಾಣೆ ಹಿಡಿಸುವಾಗ ಈ ಮಾತು ನೆನಪಿರಲಿ. ಗ್ರೈಂಡರ್‌ಗೆ ಒತ್ತಿ ಹಿಡಿದು ಕಿಡಿ ಹಾರಿಸುವವರ ಕೈಯಲ್ಲಿ ಅಂಚು ಕ್ಷಣದಲ್ಲಿ ನೀಲಿಯಾಗುತ್ತದೆ. ಪಕ್ಕದಲ್ಲಿ ನೀರಿಟ್ಟುಕೊಂಡು ಅದ್ದಿ ಅದ್ದಿ ಹಿಡಿಯದವರಿಗೆ ಚಾಕು ಕೊಡಬೇಡಿ. ಬಾಯಿಗೆ ಒಂದೊಂದು ಪಕ್ಕ 15 ಡಿಗ್ರಿ ಕೋನ ಸಾಕು. ಬಳಸುವಾಗ ಒತ್ತಬೇಡಿ, ಎಳೆಯಿರಿ. ಹಾರ್ವರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿ ಎಲ್. ಮಹಾದೇವನ್ ಮತ್ತು ಸಂಗಡಿಗರು 2012ರಲ್ಲಿ ಅಗರ್ ಜೆಲ್ಲಿಯನ್ನು ತಂತಿಯಿಂದ ಕತ್ತರಿಸಿ ತೋರಿಸಿದಂತೆ, ಮೆತ್ತನೆಯ ವಸ್ತುವಿನಲ್ಲಿ ಅಡ್ಡ ಎಳೆದಾಗ ಬಿರುಕು ಶುರುವಾಗಲು ಬೇಕಾಗುವ ಕೆಳಮುಖ ಬಲ ಬಹಳ ಕಡಿಮೆ.

ಸ್ಟೇನ್‌ಲೆಸ್ ಬೇಡವೇ? ಮಂಗಳೂರಿನ ದಕ್ಕೆಯಲ್ಲಿ ಬೇಕು. ಸಮುದ್ರದ ಲೀಟರ್ ನೀರಿನಲ್ಲಿ 35 ಗ್ರಾಂನಷ್ಟು ಉಪ್ಪಿರುತ್ತದೆ. ನಮ್ಮ ಕೆರೆ ನೀರಿಗೆ ಕಮಾನ್ ಪಟ್ಟಿ ನಡೆಯುತ್ತದೆ, ತೊಳೆದು ಒರೆಸಿ ಎಣ್ಣೆ ಕೈಯಲ್ಲಿ ಸವರಿದರೆ ಆಯಿತು. ಹುಣಸೆಹುಳಿ ತಾಗಿ ಅಲಗು ಕಪ್ಪಿಟ್ಟರೆ ಗಾಬರಿ ಬೇಡ, ಕೆಂಪು ತುಕ್ಕು ಕಂಡರೆ ಮಾತ್ರ ಉಜ್ಜಿ.

ಜನ ಅಲಗಿಗೆ ಕೊಡುವ ಗಮನದ ಕಾಲುಭಾಗವನ್ನೂ ಹಿಡಿಗೆ ಕೊಡುವುದಿಲ್ಲ. ಬೆರಳು ಕುಯ್ದುಕೊಳ್ಳುವುದು ಅಲ್ಲೇ. ಮೀನಿನ ಲೋಳೆಯಲ್ಲಿರುವ ಮ್ಯೂಸಿನ್ ಎಂಬ ಸಕ್ಕರೆ ಬೆರೆತ ಪ್ರೋಟೀನ್ ನೀರು ಹೀರಿ ಉಬ್ಬಿ, ಅಂಗೈಗೂ ಹಿಡಿಗೂ ನಡುವೆ ಜಾರುವ ಪದರವಾಗುತ್ತದೆ. ಪಾಲಿಶ್ ಮಾಡಿದ ಹೊಳೆಯುವ ಹಿಡಿ ಇದ್ದರಂತೂ ಕೈ ಸೀದಾ ಬಾಯಿಯ ಮೇಲೆ. ಹಿಡಿ ಅಂಗೈಗಿಂತ ಉದ್ದ, 11-12 ಸೆಂ.ಮೀ. ಇರಲಿ. ದುಂಡಗಿನ ಬದಲು ಮೊಟ್ಟೆಯಾಕಾರವಿದ್ದರೆ ಕತ್ತಲಲ್ಲೂ ಬಾಯಿ ಯಾವ ಕಡೆ ಅಂತ ಕೈಗೇ ತಿಳಿಯುತ್ತದೆ. ತೋರುಬೆರಳ ಮುಂದೆ ಒಂದು ಉಬ್ಬು ಇರಲೇಬೇಕು. ಮೇಲ್ಮೈಯಲ್ಲಿ ಅಡ್ಡ ಗೀರುಗಳಿದ್ದರೆ ಲೋಳೆ ಅದರಲ್ಲಿ ಇಳಿದು ಹೋಗಿ ಮರ ಕೈಗೆ ತಾಗುತ್ತದೆ.

ಹುಣಸೆ, ತೇಗ ಎರಡೂ ಒಗ್ಗುತ್ತವೆ. ಮರ ನೀರು ಕುಡಿದಾಗ ಉದ್ದಕ್ಕೆ ಹಿಗ್ಗುವುದು ತೀರಾ ಕಡಿಮೆ, ಅಡ್ಡಕ್ಕೆ ಹಿಗ್ಗುವುದು ಹೆಚ್ಚು. ಹಾಗಾಗಿ ಎಳೆ ಹಿಡಿಯ ಉದ್ದಕ್ಕೇ ಓಡಬೇಕು. ಅಲಗಿನ ಬಾಲ ಹಿಡಿಯ ಕೊನೆಯ ತನಕ ಹೋಗಿ, ಸಂದಿಗಳಿಗೆ ಎಪಾಕ್ಸಿ ಅಂಟು ತುಂಬಿರಬೇಕು. ಮೇಲೆ ಹಚ್ಚಲು ಅಗಸೆಯೆಣ್ಣೆ. ಅದು ಗಾಳಿಯ ಆಮ್ಲಜನಕದ ಜೊತೆ ಸೇರಿ ಗಟ್ಟಿ ಪೊರೆ ಕಟ್ಟುತ್ತದೆ. ಕೊಬ್ಬರಿ ಎಣ್ಣೆ ಎಷ್ಟು ದಿನ ಬಿಟ್ಟರೂ ಎಣ್ಣೆಯಾಗಿಯೇ ಇರುತ್ತದೆ.

ನೀರಿಗೆ ಬಿದ್ದರೆ ತೇಲುವ ಚಾಕು ಬೇಕು ಅನ್ನುವವರಿಗೆ ಒಂದು ಲೆಕ್ಕ. ಬಾಲ ಸೇರಿ 60 ಗ್ರಾಂ ತೂಗುವ ಉಕ್ಕನ್ನು ತೇಲಿಸಲು ಸುಮಾರು 65 ಘನ ಸೆಂ.ಮೀ. ಬೆಂಡು ಬೇಕು. ಹಿಡಿಯಲ್ಲಿ ಅಷ್ಟು ಹಿಡಿಸಬಹುದು. ಆದರೆ ಬೆಂಡು ಮೆತ್ತಗೆ, ಬೇಗ ಸವೆಯುತ್ತದೆ. ನಾನಾದರೆ ಮರದ ಹಿಡಿಗೇ ಕೆಂಪು ದಾರ ಕಟ್ಟುತ್ತೇನೆ. ಏರಿಯ ಹುಲ್ಲಿನಲ್ಲಿ ಚಾಕು ಕಳೆದುಕೊಳ್ಳುವವರೇ ಹೆಚ್ಚು.

ಒರೆಗೆ ಚರ್ಮ ಬೇಡ, ನೀರು ಹಿಡಿದಿಟ್ಟುಕೊಂಡು ಅಲಗಿಗೆ ತುಕ್ಕು ತರಿಸುತ್ತದೆ. ಬೋರ್‌ವೆಲ್‌ಗಳ ಈ ಜಿಲ್ಲೆಯಲ್ಲಿ ಪಿವಿಸಿ ಪೈಪಿನ ತುಂಡಿಗೆ ಬರವೇ? 80 ಡಿಗ್ರಿ ದಾಟಿದರೆ ಪಿವಿಸಿ ಮೆತ್ತಗಾಗುತ್ತದೆ. ಕುದಿಯುವ ನೀರಿನಲ್ಲಿ ಒಂದಷ್ಟು ಹೊತ್ತು ಇಟ್ಟು, ಪೈಪಿನೊಳಗೆ ಅಲಗಿನ ದಪ್ಪದ ರಟ್ಟು ಸೇರಿಸಿ, ಎರಡು ಹಲಗೆಯ ನಡುವೆ ಒತ್ತಿ ಹಿಡಿದರೆ ಒರೆ ಸಿದ್ಧ. ಬೆಂಕಿಗೆ ಮಾತ್ರ ಹಿಡಿಯಬೇಡಿ, ಸುಟ್ಟ ಪಿವಿಸಿಯಿಂದ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ತಳದಲ್ಲಿ ನೀರಿಳಿಯಲು ಒಂದು ತೂತು ಕೊರೆಯಿರಿ, ತೊಳೆಯುವಾಗ ಕಡ್ಡಿ ಹಾಕಿ ಪೊರೆ ತಳ್ಳುವಷ್ಟು ದೊಡ್ಡದು.