ಇಂಗಾಲದ ಡೈಆಕ್ಸೈಡ್ ಯಾರ ಊಟವೂ ಅಲ್ಲ

ಇಂಗಾಲದ ಡೈಆಕ್ಸೈಡ್ ತಿಂದು ಪ್ಲಾಸ್ಟಿಕ್ ಕೊಡುವ ಬ್ಯಾಕ್ಟೀರಿಯಾದ ಸುದ್ದಿ ಆಗಾಗ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ಕೊನೆಗೆ ಯಾರಾದರೂ 'ಇನ್ನು ಭೂಮಿ ಬಿಸಿಯಾಗುವ ಚಿಂತೆ ಮುಗೀತು' ಅಂತ ಸೇರಿಸಿರುತ್ತಾರೆ. ಬ್ಯಾಕ್ಟೀರಿಯಾ ಇರುವುದು ನಿಜ. ಪ್ಲಾಸ್ಟಿಕ್ ಬರುವುದೂ ನಿಜ. ಚಿಂತೆ ಮಾತ್ರ ಮುಗಿದಿಲ್ಲ.

ಇಂಗಾಲದ ಡೈಆಕ್ಸೈಡ್ ಅಂದರೆ ಉರಿದು ಮುಗಿದ ಇಂಗಾಲ. ಒಲೆಯ ಬೂದಿಯ ಹಾಗೆ, ಅದರಿಂದ ಇನ್ನು ಶಾಖ ಹುಟ್ಟುವುದಿಲ್ಲ. ಬೂದಿಯನ್ನು ಮತ್ತೆ ಸೌದೆ ಮಾಡಬೇಕಾದರೆ, ಸೌದೆ ಉರಿದಾಗ ಹೊರಬಿದ್ದ ಶಕ್ತಿಗಿಂತ ಜಾಸ್ತಿ ಶಕ್ತಿಯನ್ನು ಯಾರಾದರೂ ಹಾಕಲೇಬೇಕು. ಗಿಡಕ್ಕೆ ಅದು ಬಿಸಿಲಿನಿಂದ ಬರುತ್ತದೆ. ನಮ್ಮ ಕಥಾನಾಯಕನಿಗೆ ಹೈಡ್ರೋಜನ್‌ನಿಂದ.

ಈ ಬ್ಯಾಕ್ಟೀರಿಯಾದ ಹೆಸರು ಕುಪ್ರಿಯಾವಿಡಸ್ ನೆಕೇಟರ್. ವಿಜ್ಞಾನಿಗಳು ಇದರ ಹೆಸರನ್ನು ಎಷ್ಟು ಸಲ ಬದಲಿಸಿದ್ದಾರೆಂದರೆ, ಹಳೆಯ ಲೇಖನಗಳಲ್ಲಿ ರಾಲ್ಸ್ಟೋನಿಯಾ ಯೂಟ್ರೋಫಾ ಎಂದು ಕಂಡರೂ ಅದು ಇದೇ. ಹೆಚ್ಚು ಅಧ್ಯಯನವಾದ ಎಚ್16 ತಳಿ ಸಿಕ್ಕಿದ್ದು ಜರ್ಮನಿಯ ಗಟ್ಟಿಂಗೆನ್ ಹತ್ತಿರ. ಎಣ್ಣೆ ಕೊಟ್ಟರೂ ತಿನ್ನುತ್ತದೆ, ಹಣ್ಣಿನ ಸಕ್ಕರೆ ಕೊಟ್ಟರೂ ತಿನ್ನುತ್ತದೆ. ಏನೂ ಸಿಗದಿದ್ದರೆ ಹೈಡ್ರೋಜನ್ ಮತ್ತು ಆಮ್ಲಜನಕ ಸಾಕು. ರಾಕೆಟ್ ಹಾರಿಸುವ ಈ ಜೋಡಿಯನ್ನು ಅದು ಎಂಜೈಮುಗಳ ಮೂಲಕ, ಬೆಚ್ಚಗಿನ ನೀರಿನಲ್ಲಿ, ಕಿಡಿ ಇಲ್ಲದೆ ಸೇರಿಸುತ್ತದೆ. ಬಂದ ಶಕ್ತಿಯಿಂದ ಇಂಗಾಲದ ಡೈಆಕ್ಸೈಡನ್ನು ಹಿಡಿದು ಕಟ್ಟುತ್ತದೆ. ಕಟ್ಟುವ ದಾರಿ ಹಸಿರೆಲೆಯಲ್ಲಿರುವ ಕ್ಯಾಲ್ವಿನ್ ಚಕ್ರವೇ. (ಅದಕ್ಕೆ 1961ರಲ್ಲಿ ನೊಬೆಲ್ ಬಂದದ್ದು ಮೆಲ್ವಿನ್ ಕ್ಯಾಲ್ವಿನ್ ಒಬ್ಬರಿಗೇ. ಜೊತೆಗೆ ದುಡಿದ ಆಂಡ್ರ್ಯೂ ಬೆನ್ಸನ್‌ಗೆ ಬರಲಿಲ್ಲ. ಆ ಜಗಳ ಇನ್ನೊಂದು ಲೇಖನಕ್ಕೆ ಆಗುವಷ್ಟಿದೆ.) 1960ರ ದಶಕದಲ್ಲಿ ಅಮೆರಿಕದ ಬಾಹ್ಯಾಕಾಶ ಸಂಶೋಧಕರು ಈ ಜಾತಿಯ ಬ್ಯಾಕ್ಟೀರಿಯಾಗಳ ಮೇಲೆ ಕಣ್ಣಿಟ್ಟಿದ್ದರು. ಗಗನಯಾತ್ರಿಗಳು ಬಿಟ್ಟ ಉಸಿರನ್ನೇ ಮತ್ತೆ ಆಹಾರ ಮಾಡಿಕೊಡಬಹುದೇ ಎಂಬುದು ಅವರ ಆಸೆ.

ಪ್ಲಾಸ್ಟಿಕ್ ಯಾಕೆ ಮಾಡುತ್ತದೆ? ನನಗೆ ತುಂಬಾ ಇಷ್ಟವಾದ ಭಾಗ ಇದು. ಜೀವಕೋಶ ಒಡೆದು ಎರಡಾಗಬೇಕಾದರೆ ಪ್ರೋಟೀನ್ ಬೇಕು, ಡಿಎನ್ಎ ಬೇಕು. ಎರಡಕ್ಕೂ ಸಾರಜನಕ ಬೇಕು. ಸಾರಜನಕ ಮುಗಿದು, ಇಂಗಾಲ ಮಾತ್ರ ಬರುತ್ತಲೇ ಇದ್ದರೆ? ಅಸಿಟೈಲ್ ಕೋಎ, ಅಂದರೆ ಕೋಎ ಎಂಬ ಹೊರುವ ಅಣುವಿಗೆ ಅಂಟಿದ ಎರಡು ಇಂಗಾಲದ ತುಣುಕು, ಒಳಗೆ ಗುಡ್ಡೆ ಬೀಳುತ್ತದೆ. ಬೆಳವಣಿಗೆ ಸರಾಗವಾಗಿದ್ದಾಗ ಈ ತುಣುಕುಗಳು ಖರ್ಚಾಗಿ, ಖಾಲಿ ಕೋಎ ಬಿಡುಗಡೆಯಾಗುತ್ತಿರುತ್ತದೆ. ಆ ಖಾಲಿ ಕೋಎ, ಪ್ಲಾಸ್ಟಿಕ್ ದಾರಿಯ ಮೊದಲ ಎಂಜೈಮನ್ನು ತಡೆದು ನಿಲ್ಲಿಸಿರುತ್ತದೆ. ಖರ್ಚು ನಿಂತಾಗ ಖಾಲಿ ಕೋಎ ಕಡಿಮೆಯಾಗುತ್ತದೆ, ತಡೆ ಸಡಿಲವಾಗುತ್ತದೆ. ಕೂಡಲೇ ಮೊದಲ ಎಂಜೈಮ್ ಎರಡು ತುಣುಕುಗಳನ್ನು ಜೋಡಿಸುತ್ತದೆ. ಎರಡನೆಯದು ಅದಕ್ಕೆ ಹೈಡ್ರೋಜನ್ ಸೇರಿಸುತ್ತದೆ. ಮೂರನೆಯದು ಅಂಥವನ್ನು ಸಾವಿರಗಟ್ಟಲೆ ಸಾಲಾಗಿ ಪೋಣಿಸುತ್ತದೆ. ಯಾರೂ ಅಪ್ಪಣೆ ಕೊಡಬೇಕಿಲ್ಲ. ಕೊರತೆಯೇ ಸ್ವಿಚ್ಚು.

ಪೋಣಿಸುವುದು ಯಾಕೆ, ಸುಮ್ನೆ ಬಿಡಿಬಿಡಿಯಾಗಿ ಇಟ್ಟುಕೊಳ್ಳಬಹುದಲ್ವಾ? ಆಗಲ್ಲ. ಅಷ್ಟು ಸಣ್ಣ ಅಣುಗಳು ಕರಗಿ ಕೂತರೆ ಹೊರಗಿನ ನೀರು ಒಳಗೆ ನುಗ್ಗಿ ಕೋಶವೇ ಬಿರಿದೀತು. ನೀರಲ್ಲಿ ಕರಗದ ಉದ್ದ ಸರಪಳಿಯಾದರೆ ಆ ಕಾಟವಿಲ್ಲ. ಹಾಗಾಗಿ ಕಾಳುಕಾಳಾಗಿ ತುಂಬಿಕೊಳ್ಳುತ್ತದೆ. ಒಣತೂಕದ ಶೇ. 80ರಷ್ಟು ಪ್ಲಾಸ್ಟಿಕ್ಕೇ ಆಗಿಬಿಡಬಹುದು! ಸಾರಜನಕ ಮತ್ತೆ ಸಿಕ್ಕಾಗ ಅದನ್ನೇ ಕರಗಿಸಿ ಬಳಸಿಕೊಳ್ಳುತ್ತದೆ.

ಈ ವಸ್ತು ಪಿಎಚ್‌ಬಿ, ಪೂರ್ತಿ ಹೆಸರು ಪಾಲಿಹೈಡ್ರಾಕ್ಸಿಬ್ಯುಟಿರೇಟ್. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಮಾರಿಸ್ ಲೆಮ್ವಾನ್ ಬೇರೊಂದು ಬ್ಯಾಕ್ಟೀರಿಯಾದಲ್ಲಿ ಇದನ್ನು ಕಂಡು 1926ರಲ್ಲೇ ವಿವರಿಸಿದ್ದರು. ನೈಲಾನ್ ಆಗಿನ್ನೂ ಹುಟ್ಟಿರಲಿಲ್ಲ. 1990ರಲ್ಲಿ ಬ್ರಿಟನ್ನಿನ ಐಸಿಐ ಕಂಪನಿ ಮಾಡಿದ ಇದೇ ಬಳಗದ ಪ್ಲಾಸ್ಟಿಕ್ಕಿನಲ್ಲಿ ಜರ್ಮನಿಯಲ್ಲಿ ಶಾಂಪೂ ಬಾಟಲಿ ಬಂತು. ಬೆಲೆ ದುಬಾರಿ, ಓಡಲಿಲ್ಲ. ಬರೀ ಪಿಎಚ್‌ಬಿಗೆ ಇನ್ನೊಂದು ದೋಷವಿದೆ: ಪೆಡಸು. ಸುಮಾರು 175 ಡಿಗ್ರಿಯಲ್ಲಿ ಕರಗುತ್ತದೆ, ಸ್ವಲ್ಪ ಮೇಲೆ ಹೋದರೆ ಕೆಡಲು ಶುರು. ಸರಪಳಿಯ ನಡುವೆ ಬೇರೆ ಬಗೆಯ ಕೊಂಡಿ ಸೇರಿಸಿದರೆ ಮೆತ್ತಗಾಗುತ್ತದೆ. ಜೀನ್ ತಿದ್ದುವ ಕೆಲಸದ ಒಂದು ದೊಡ್ಡ ಪಾಲು ಇದಕ್ಕೇ ಹೋಗುತ್ತದೆ.

ಇನ್ನೊಂದು ಪಾಲು ಇಳುವರಿಗೆ. 2020ರಲ್ಲಿ ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಕಾರ್ಲ್ ಫೋರ್ಕ್‌ಹಾಮರ್ ತಂಡ ಬಿಸಿಲಲ್ಲಿ ಬದುಕುವ ನೀಲಿಹಸಿರು ಬ್ಯಾಕ್ಟೀರಿಯಾವನ್ನು ಹಿಡಿಯಿತು. ಹೈಡ್ರೋಜನ್ನಿನ ಗೊಡವೆಯೇ ಬೇಡ ನೋಡಿ. ಇಂಗಾಲ ಪಿಎಚ್‌ಬಿ ಕಡೆ ಹರಿಯದಂತೆ ತಡೆಯುವ ಪಿರ್‌ಸಿ ಎಂಬ ಪ್ರೋಟೀನಿನ ಜೀನನ್ನು ತೆಗೆದುಹಾಕಿದರು. ಕುಪ್ರಿಯಾವಿಡಸ್‌ನ ಎರಡು ಜೀನುಗಳನ್ನು ತಂದು ಸೇರಿಸಿದರು. ಒಣತೂಕದ ಶೇ. 60 ದಾಟಿತು, ಅಸಿಟೇಟ್ (ವಿನೆಗರ್‌ನ ಆಮ್ಲದ ಲವಣ) ಕೂಡ ಉಣಿಸಿದಾಗ ಶೇ. 80ರ ಆಸುಪಾಸು. ಆದರೆ ಇವು ಬೆಳೆಯುವುದು ನಿಧಾನ.

ಈಗ ಆ ಬೂದಿಯ ಲೆಕ್ಕ. ಕುಪ್ರಿಯಾವಿಡಸ್ ಪಿಎಚ್‌ಬಿ ಸರಪಳಿಯ ಒಂದು ಕೊಂಡಿಗೆ ನಾಲ್ಕು ಇಂಗಾಲದ ಡೈಆಕ್ಸೈಡ್ ಅಣು ಬಳಸಿದರೆ, ಸುಮಾರು 33 ಹೈಡ್ರೋಜನ್ ಅಣು ಖರ್ಚು ಮಾಡುತ್ತದೆ. ಅಂದರೆ ಒಂದು ಕಿಲೋ ಪ್ಲಾಸ್ಟಿಕ್ಕಿಗೆ ಮುಕ್ಕಾಲು ಕಿಲೋ ಹೈಡ್ರೋಜನ್. ನೀರನ್ನು ಒಡೆದು ಅಷ್ಟು ಹೈಡ್ರೋಜನ್ ತೆಗೆಯಲು 40 ಯೂನಿಟ್‌ನಷ್ಟು ಕರೆಂಟು ಬೇಕು. ಆ ಕರೆಂಟು ಕಲ್ಲಿದ್ದಲಿನಿಂದ ಬಂದರೆ, ಹಿಡಿದದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಇಂಗಾಲದ ಡೈಆಕ್ಸೈಡ್ ಚಿಮಣಿಯಲ್ಲಿ ಹೋಗುತ್ತದೆ. ಸೌರಶಕ್ತಿಯಿಂದ ಬಂದರೆ ಮಾತು ಬೇರೆ. 2016ರಲ್ಲಿ ಹಾರ್ವರ್ಡ್‌ನ ಡೇನಿಯಲ್ ನೊಸೆರಾ ಮತ್ತು ಪಮೇಲಾ ಸಿಲ್ವರ್ ತಂಡ ನೀರು ಒಡೆಯುವ ಕೋಬಾಲ್ಟ್ ವೇಗವರ್ಧಕವನ್ನೂ ಇದೇ ಬ್ಯಾಕ್ಟೀರಿಯಾವನ್ನೂ ಒಂದೇ ಪಾತ್ರೆಯಲ್ಲಿ ಇಟ್ಟಿತು. ಒಳ್ಳೆಯ ಸೌರಫಲಕ ಜೋಡಿಸಿದರೆ ಬಿಸಿಲಿನ ಶಕ್ತಿಯ ಸುಮಾರು ಶೇ. 10 ಬ್ಯಾಕ್ಟೀರಿಯಾದ ಮೈಯಲ್ಲಿ ಸೇರುತ್ತದೆ ಎಂದು ಲೆಕ್ಕ ಕೊಟ್ಟಿತು. ಬೆಳೆಗಳಲ್ಲಿ ಅದು ಶೇ. 1ರ ಆಸುಪಾಸು.

ಹವಾಮಾನದ ವಿಷಯಕ್ಕೆ ಬಂದರೆ, ಜಗತ್ತು ವರ್ಷಕ್ಕೆ ಮಾಡುವ ಪ್ಲಾಸ್ಟಿಕ್ ಸುಮಾರು 40 ಕೋಟಿ ಟನ್. ಅಷ್ಟನ್ನೂ ಹೀಗೇ ಮಾಡಿದರೂ ಬಳಕೆಯಾಗುವ ಇಂಗಾಲದ ಡೈಆಕ್ಸೈಡ್ 80 ಕೋಟಿ ಟನ್. ಇಂಧನ ಮತ್ತು ಕೈಗಾರಿಕೆಯಿಂದ ನಾವು ಬಿಡುವುದು 3,700 ಕೋಟಿ ಟನ್ ದಾಟುತ್ತದೆ. ಹಾಗೆ ಹಿಡಿದದ್ದೂ ಪ್ಲಾಸ್ಟಿಕ್ ಕೊಳೆತಾಗ ವಾಪಸ್ ಗಾಳಿಗೇ.

ಹಾಗಾದರೆ ಲಾಭ ಎಲ್ಲಿ? ಕೊಳೆಯುವುದರಲ್ಲಿ. ಪಿಎಚ್‌ಬಿಯನ್ನು ಮಣ್ಣಿನ, ಸಮುದ್ರದ ಎಷ್ಟೋ ಸೂಕ್ಷ್ಮಜೀವಿಗಳು ತಿಂದು ಅರಗಿಸಿಕೊಳ್ಳುತ್ತವೆ. ಇದು ಮೂಲತಃ ಅವುಗಳ ಲೋಕದ್ದೇ ವಸ್ತು. ಮೆಕ್ಕೆಜೋಳದ ಪಿಷ್ಟದಿಂದ ಬರುವ ಪಿಎಲ್ಎ ಎಂಬ ಪ್ಲಾಸ್ಟಿಕ್ ಹಾಗಲ್ಲ, ಅದಕ್ಕೆ 60 ಡಿಗ್ರಿಯಷ್ಟು ಬಿಸಿಯ ಕಾಂಪೋಸ್ಟ್ ಘಟಕವೇ ಬೇಕು. ಆಕ್ಸೊ (ಬೇಗ ಮುರಿಯಲೆಂದು ರಾಸಾಯನಿಕ ಬೆರೆಸಿದ ಮಾಮೂಲಿ ಪ್ಲಾಸ್ಟಿಕ್) ಎಂದು ಬರೆದುಕೊಂಡ ಕವರುಗಳಂತೂ ಕೊಳೆಯುವುದೇ ಇಲ್ಲ, ಪುಡಿಯಾಗುತ್ತವೆ ಅಷ್ಟೆ. ಯುರೋಪಿಯನ್ ಒಕ್ಕೂಟ 2021ರಿಂದ ಅವನ್ನು ನಿಷೇಧಿಸಿದೆ. ಪಿಎಚ್‌ಬಿ ಕೂಡ ತೆಳು ಹಾಳೆಯಾದರೆ ಬೇಗ, ದಪ್ಪ ಬಾಟಲಿ ತಣ್ಣೀರಿಗೆ ಬಿದ್ದರೆ ವರ್ಷಗಟ್ಟಲೆ. ಗಾಳಿಯಾಡದ ಕಸದ ಗುಡ್ಡದಡಿ ಹೂತುಹೋದರೆ ಅದರಿಂದ ಹೊರಬರುವುದು ಇಂಗಾಲದ ಡೈಆಕ್ಸೈಡ್ ಒಂದೇ ಅಲ್ಲ, ಅದಕ್ಕಿಂತ ಎಷ್ಟೋ ಪಟ್ಟು ಬಿಸಿ ಹಿಡಿಯುವ ಮೀಥೇನ್ ಕೂಡ. ಹಾಗಾಗಿ ಈ ಪ್ಲಾಸ್ಟಿಕ್ಕನ್ನೂ ಹಸಿ ಕಸದ ಜೊತೆ ಗೊಬ್ಬರದ ಘಟಕಕ್ಕೇ ಕಳಿಸಬೇಕು.