ಜೀವಶಾಸ್ತ್ರಕ್ಕೆ ಒಳ್ಳೆಯ ಅನಿಮೇಷನ್ ಎಲ್ಲಿ ಸಿಗುತ್ತದೆ?

ಪ್ರಶ್ನೆ: ಜೀವಶಾಸ್ತ್ರವನ್ನು ಕಲಿಯಲು, ಕಲಿಸಲು ಅಂತರ್ಜಾಲದಲ್ಲಿ ಯಾವ ತಾಣ ನೋಡಬೇಕು? ಒಳ್ಳೆಯ ಅನಿಮೇಷನ್‌ಗಳಿದ್ದರೆ ಅನುಕೂಲ.

ಉತ್ತರ: ಈ ಪ್ರಶ್ನೆ ಪರೀಕ್ಷೆಗಳಷ್ಟೇ ನಿಯಮಿತವಾಗಿ ಬರುವುದರಿಂದ ಹೆಸರುಗಳನ್ನು ಮೊದಲೇ ಹೇಳಿಬಿಡುತ್ತೇನೆ. ಪಠ್ಯಪುಸ್ತಕ ಬೇಕಾದವರಿಗೆ ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ ಉಚಿತವಾಗಿ ಕೊಡುವ ಜೀವಶಾಸ್ತ್ರದ ಪುಸ್ತಕವಿದೆ. ವಿಕಾಸವಾದಕ್ಕೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಶಾಖೆಯ ತಾಣ ‘ಅಂಡರ್‌ಸ್ಟ್ಯಾಂಡಿಂಗ್ ಎವಲ್ಯೂಷನ್’ ಇದೆ. ಸಂಶೋಧಕರ ನಿಜವಾದ ದತ್ತಾಂಶವನ್ನೇ ತರಗತಿಗೆ ತರಬಯಸುವ ಶಿಕ್ಷಕರಿಗೆ ಅಮೆರಿಕದ ಹೋವರ್ಡ್ ಹ್ಯೂಸ್ ವೈದ್ಯಕೀಯ ಸಂಸ್ಥೆಯ (ಎಚ್‌ಎಚ್‌ಎಂಐ) ಬಯೋಇಂಟರಾಕ್ಟಿವ್ ತಾಣವಿದೆ.

ಆದರೆ ಅನಿಮೇಷನ್ ಸೊಗಸಾಗಿದ್ದಷ್ಟೂ ಪಾಠ ಚೆನ್ನಾಗಿ ತಲೆಗೆ ಹತ್ತುತ್ತದೆ ಎಂಬ ನಂಬಿಕೆಯನ್ನು ಎಷ್ಟು ಸಲ ಅಲ್ಲಗಳೆದರೂ ಅದು ಮತ್ತೆ ಚಿಗುರುತ್ತದೆ. ಕೈನೆಸಿನ್ ಎಂಬ ಪ್ರೋಟೀನು ಕೋಶದೊಳಗಿನ ಹಳಿಯಂಥ ಸೂಕ್ಷ್ಮನಾಳದ ಮೇಲೆ ಹೊರೆ ಹೊತ್ತು ನಡೆಯುವ ಜನಪ್ರಿಯ ದೃಶ್ಯವನ್ನೇ ನೋಡಿ: ಸುತ್ತಲೂ ಖಾಲಿ ಜಾಗ, ನಿರಾತಂಕವಾದ ನಡಿಗೆ, ಅಂದವಾದ ಬಣ್ಣ. ವಾಸ್ತವದಲ್ಲಿ ಅದರ ಒಂದು ಹೆಜ್ಜೆ 8 ನ್ಯಾನೊಮೀಟರ್. ಗೋಚರ ಬೆಳಕಿನ ತರಂಗಾಂತರವೇ ಸುಮಾರು 400ರಿಂದ 700 ನ್ಯಾನೊಮೀಟರ್ ಇರುವಾಗ ಅಷ್ಟು ಚಿಕ್ಕದ್ದು ಬೆಳಕಿನಲ್ಲಿ ಹೀಗೆ ಬಿಡಿಬಿಡಿಯಾಗಿ ಕಾಣುವುದಿಲ್ಲ; ಆ ಬಣ್ಣವನ್ನು ಕಲಾವಿದನೇ ಬಳಿದಿರಬೇಕಲ್ಲವೇ? ಜಾಗವೂ ಖಾಲಿಯಲ್ಲ. ಪ್ರೋಟೀನುಗಳು ಕಿಕ್ಕಿರಿದಿರುತ್ತವೆ, ನೀರಿನ ಅಣುಗಳು ಎಲ್ಲ ದಿಕ್ಕಿನಿಂದಲೂ ಎಡೆಬಿಡದೆ ಬಡಿಯುತ್ತಿರುತ್ತವೆ, ಎತ್ತಿದ ‘ಪಾದ’ವು ಆ ತಳಮಳದಲ್ಲೇ ಓಲಾಡಿ ಮುಂದಿನ ತಾಣಕ್ಕೆ ಅಂಟಿಕೊಳ್ಳುತ್ತದೆ, ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಅಣುವಿನ ವಿಭಜನೆಯಿಂದಾಗಿ ಆ ಓಲಾಟಕ್ಕೆ ಒಂದು ದಿಕ್ಕು ಬರುತ್ತದೆ. ಅನಿಮೇಷನ್ ತಯಾರಿಸುವವರು ವ್ಯರ್ಥವಾದ ಡಿಕ್ಕಿಗಳನ್ನೆಲ್ಲ ಕತ್ತರಿಸಿ, ಕೊನೆಗೆ ಫಲಿಸಿದ ಒಂದನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಹಾಗಾಗಿಯೇ ವಿದ್ಯಾರ್ಥಿಯು ‘ಕಿಣ್ವಕ್ಕೆ ತಾನು ಹೋಗಬೇಕಾದ ಜಾಗ ಹೇಗೆ ಗೊತ್ತು?’ ಎಂದು ಕೇಳುತ್ತಾನೆ. ಅದಕ್ಕೆ ಏನೂ ಗೊತ್ತಿಲ್ಲ. ಅದು ಸಿಕ್ಕಸಿಕ್ಕಲ್ಲಿ ಡಿಕ್ಕಿ ಹೊಡೆಯುತ್ತದೆ, ಹೊಂದುವಲ್ಲಿ ನಿಲ್ಲುತ್ತದೆ. ಈ ಒಂದು ವಾಕ್ಯ ಮನದಟ್ಟಾಗದವರಿಗೆ ಎಷ್ಟು ವಿಡಿಯೊ ತೋರಿಸಿದರೂ ಅಷ್ಟೇ. ಅದಕ್ಕಿಂತ ಪ್ರೋಟೀನು ಮೊದಲಾದ ಅಣುಗಳ ರಚನೆಯನ್ನು ಪರಿಚಯಿಸುವ ಪಿಡಿಬಿ-101 ತಾಣದಲ್ಲಿರುವ, ವಿಜ್ಞಾನಿಯೂ ಚಿತ್ರಕಾರರೂ ಆದ ಡೇವಿಡ್ ಗುಡ್‌ಸೆಲ್ ಅವರ ಚಿತ್ರಗಳು ಮೇಲು: ಅವು ಅಲುಗಾಡುವುದಿಲ್ಲ, ಆದರೆ ಕೋಶದೊಳಗಿನ ನೂಕುನುಗ್ಗಲನ್ನು ಮರೆಮಾಚುವುದಿಲ್ಲ. ಅವರು ಆರಂಭಿಸಿದ ‘ತಿಂಗಳ ಅಣು’ ಅಂಕಣ 2000ದಿಂದ ನಡೆದುಬಂದಿದೆ.

ಚಲನೆಯೇ ಬೇಕೆಂದರೆ ಕೈಯಾಡಿಸಲು ಬಿಡುವಂಥದ್ದನ್ನು ಆರಿಸಿಕೊಳ್ಳಿ. ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ತಾಣದಲ್ಲಿ ನೈಸರ್ಗಿಕ ಆಯ್ಕೆಯ ಸಿಮ್ಯುಲೇಷನ್ ಇದೆ. ಬಿಳಿ ಮೊಲಗಳ ಗುಂಪಿಗೆ ಕಂದು ತುಪ್ಪಳದ ಉತ್ಪರಿವರ್ತನೆಯನ್ನು ಅಪ್ರಬಲ ಗುಣವಾಗಿ (ತಂದೆ, ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಹೊರಗೆ ಕಾಣುವ ಗುಣವಾಗಿ) ಸೇರಿಸಿದರೆ ಮುಂದಿನ ಪೀಳಿಗೆಯಲ್ಲಿ ಒಂದೂ ಕಂದು ಮೊಲ ಕಾಣುವುದಿಲ್ಲ. ತಂತ್ರಾಂಶ ಕೆಟ್ಟಿದೆ ಎಂದು ಮಕ್ಕಳು ದೂರುವ ಆ ಗಳಿಗೆಯೇ ಪಾಠ ಆರಂಭಿಸಲು ಸರಿಯಾದ ಹೊತ್ತು. ಇಲ್ಲೂ ಒಂದು ತೊಡಕಿದೆ: ಗುಂಡಿ ಒತ್ತಿ ಬೇಕಾದ ಉತ್ಪರಿವರ್ತನೆಯನ್ನು ತರಿಸಿಕೊಳ್ಳುವ ಸೌಲಭ್ಯ ನಿಸರ್ಗದಲ್ಲಿಲ್ಲ ಎಂಬುದನ್ನು ಶಿಕ್ಷಕರೇ ಹೇಳಬೇಕು.

ಯಾರೂ ಕೇಳದಿದ್ದರೂ, ಜನರು ತಾವು ಕಂಡ ಗಿಡ, ಪ್ರಾಣಿಗಳ ಫೋಟೊ ಹಾಕಿ ಗುರುತಿಸಿಕೊಳ್ಳುವ ಐನ್ಯಾಚುರಲಿಸ್ಟ್ ತಾಣದ ಬಗ್ಗೆ ಒಂದು ಮಾತು. ಗಿಡದ ಫೋಟೊ ಹಾಕಿದ ಕೂಡಲೇ ಅದು ಸೂಚಿಸುವ ಹೆಸರು ಯಂತ್ರದ ಊಹೆಯಷ್ಟೇ. ದಿನಾಂಕ, ಸ್ಥಳಗಳ ಜೊತೆಗೆ, ಗುರುತಿಸಿದವರಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಮಂದಿ ಪ್ರಭೇದವನ್ನು ಒಪ್ಪಿದ ಮೇಲೆಯೇ ಆ ದಾಖಲೆಗೆ ‘ಸಂಶೋಧನಾ ದರ್ಜೆ’ ಸಿಗುತ್ತದೆ. ಆದ್ದರಿಂದ ಹೂವಿನ ಅಂದದ ಫೋಟೊ ಒಂದನ್ನೇ ಕಳಿಸಬೇಡಿ. ಎಲೆಯ ಹಿಂಬದಿಯನ್ನೂ, ಎಲೆಗಳು ಕಾಂಡದ ಮೇಲೆ ಎದುರುಬದುರಾಗಿವೆಯೋ ಒಂದಾದ ಮೇಲೊಂದರಂತೆ ಹೊರಟಿವೆಯೋ ಎಂಬುದನ್ನೂ ಸ್ಪಷ್ಟವಾಗಿ ತೋರಿಸಿ.