ಸೊಲ್ಲಾಪುರದ ವೈದ್ಯ ಚೀನಾದ ‘ಕೆ ದಿಹುವಾ’ ಆದ ಬಗೆ

ಗಾಲ್ವಾನ್ ಕಣಿವೆಯಲ್ಲಿ ರಕ್ತ ಹರಿದ 2020ರಲ್ಲೇ ಚೀನಾದ ಶಿಜಿಯಾಝುವಾಂಗ್ ನಗರದ ವೈದ್ಯಕೀಯ ಶಾಲೆಯೊಂದು ತನ್ನ ಆವರಣದಲ್ಲಿ ಒಬ್ಬ ಭಾರತೀಯರ ಕಂಚಿನ ಪ್ರತಿಮೆ ಸ್ಥಾಪಿಸಲು ಸಿದ್ಧವಾಗಿತ್ತು. ಆ ಶಾಲೆಗೆ ಇಟ್ಟಿರುವುದೂ ಅವರದೇ ಹೆಸರು. ಅವರು ಡಾ. ದ್ವಾರಕಾನಾಥ ಕೋಟ್ನಿಸ್. ಎರಡು ದೇಶಗಳು ಇಷ್ಟು ದೂರವಾದ ಮೇಲೂ ಈ ಅಭಿಮಾನ ಉಳಿದದ್ದು ಹೇಗೆ?

ಚೀನಾದ ಮೇಲೆ ಜಪಾನ್ ದಾಳಿ ಮಾಡಿದಾಗ ಚೀನೀ ಕಮ್ಯುನಿಸ್ಟ್ ಸೇನಾನಿ ಝು ದೆ ನೆಹರೂ ಅವರ ನೆರವು ಕೇಳಿದರು. ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಸುಭಾಷ್‌ಚಂದ್ರ ಬೋಸ್ ದೇಣಿಗೆಗೆ ಕರೆಕೊಟ್ಟರು. 1938ರಲ್ಲಿ ಐವರು ವೈದ್ಯರು ಹೊರಟರು. ಅವರಲ್ಲೊಬ್ಬರು ಮರಾಠಿಯ ಜೊತೆ ಕನ್ನಡವೂ ಓಡಾಡುವ ಸೊಲ್ಲಾಪುರದಲ್ಲಿ 1910ರಲ್ಲಿ ಹುಟ್ಟಿ, ಮುಂಬೈಯಲ್ಲಿ ವೈದ್ಯಕೀಯ ಓದಿದ ಕೋಟ್ನಿಸ್. ಐವರೂ ತಮ್ಮ ಚೀನೀ ಹೆಸರಿನ ಕೊನೆಗೆ ‘ಹುವಾ’ ಸೇರಿಸಿಕೊಂಡರು. ಹುವಾ ಎಂದರೆ ಚೀನಾ. ಕೋಟ್ನಿಸ್ ಕೆ ದಿಹುವಾ ಆದರು.

ಉಳಿದ ನಾಲ್ವರು ಒಬ್ಬೊಬ್ಬರಾಗಿ ಊರಿಗೆ ಮರಳಿದರು. ಇವರು ಮರಳಲಿಲ್ಲ. ನನಗೆ ಕಾಣುವಂತೆ ಕಥೆಯ ತಿರುಳು ಇರುವುದು ಇಲ್ಲೇ. ಹೆಬೆ ಪ್ರಾಂತ್ಯದ ಗುಡ್ಡಗಾಡಿನಲ್ಲಿ, ಔಷಧಕ್ಕೂ ಅನ್ನಕ್ಕೂ ಬರವಿದ್ದ ಕಡೆ, ಗಾಯಾಳುಗಳು ಬರುತ್ತಲೇ ಇದ್ದರು. 1940ರ ಒಂದು ಕದನದ ವೇಳೆ ಅವರು 72 ಗಂಟೆ ನಿದ್ದೆಯಿಲ್ಲದೆ ಶಸ್ತ್ರಚಿಕಿತ್ಸೆ ಮಾಡಿದರೆಂದು ಅಲ್ಲಿ ಇಂದಿಗೂ ಹೇಳುತ್ತಾರೆ. 1941ರಲ್ಲಿ ಬೆಥೂನ್ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ನಿರ್ದೇಶಕರಾದರು. ಚೀನೀ ಭಾಷೆಯನ್ನು ಮಾತಿಗಷ್ಟೇ ಅಲ್ಲ, ಪಾಠ ಮಾಡುವಷ್ಟು, ಬರೆಯುವಷ್ಟು ಕಲಿತರು. ಶುಶ್ರೂಷೆ ಕಲಿಸುತ್ತಿದ್ದ ಗುವೊ ಚಿಂಗ್‌ಲಾನ್ ಅವರನ್ನು ಮದುವೆಯಾದರು. 1942ರ ಆಗಸ್ಟ್‌ನಲ್ಲಿ ಹುಟ್ಟಿದ ಮಗನಿಗೆ ಯಿನ್‌ಹುವಾ ಎಂದು ಹೆಸರಿಟ್ಟರು: ಯಿನ್ ಅಂದರೆ ಭಾರತ, ಹುವಾ ಅಂದರೆ ಚೀನಾ. ಅದೇ ಡಿಸೆಂಬರ್ 9ರಂದು ಮೂರ್ಛೆರೋಗ ಅವರನ್ನು ಕೊಂಡೊಯ್ಯಿತು. ವಯಸ್ಸು 32. ವಿದ್ಯಾರ್ಥಿಗಳಿಗಾಗಿ ಚೀನೀ ಭಾಷೆಯಲ್ಲಿ ಬರೆಯುತ್ತಿದ್ದ ಶಸ್ತ್ರಚಿಕಿತ್ಸೆಯ ಪಠ್ಯ ಅರ್ಧಕ್ಕೇ ನಿಂತಿತು.

ಸೈನ್ಯ ಒಂದು ನೆರವಿನ ಕೈಯನ್ನು, ದೇಶ ಒಬ್ಬ ಗೆಳೆಯನನ್ನು ಕಳೆದುಕೊಂಡಿತು ಎಂದು ಮಾವೊ ಬರೆದರು.

ಆಮೇಲೆ ಭಾಯಿ-ಭಾಯಿ ಘೋಷಣೆ, 1962ರ ಯುದ್ಧ, ವರ್ಷಗಟ್ಟಲೆ ಮೌನ, ಮತ್ತೆ ಮಾತುಕತೆ. ಚೀನಾ 1982ರಲ್ಲಿ ಅವರ ಅಂಚೆಚೀಟಿ ತಂದಿತು, ಭಾರತ 1993ರಲ್ಲಿ. ಚೀನಾದ ನಾಯಕರು ಭಾರತಕ್ಕೆ ಬಂದಾಗ ಕೋಟ್ನಿಸ್ ಕುಟುಂಬವನ್ನು ಕಾಣುವುದು ವಾಡಿಕೆಯಂತಾಯಿತು; 2013ರಲ್ಲಿ ಪ್ರಧಾನಿ ಲಿ ಕೆಚಿಯಾಂಗ್ ಕೂಡ ಮುಂಬೈಯಲ್ಲಿ ಕೋಟ್ನಿಸರ ತಂಗಿಯನ್ನು ಭೇಟಿಯಾದರು. ರಾಜತಂತ್ರಕ್ಕೆ ಇಂಥ ಹೆಸರು ಬೇಕಾಗುತ್ತದೆ, ನಿಜ. ಆದರೆ ಸರ್ಕಾರಗಳು ಮುನಿಸಿಕೊಂಡ ವರ್ಷಗಳಲ್ಲೂ ಒಬ್ಬ ಮನುಷ್ಯ ನೆನಪಿನಲ್ಲಿ ಉಳಿಯಬೇಕಾದರೆ, ಅವನು ಅಲ್ಲಿನ ಜನರ ನಡುವೆ ಬದುಕಿರಬೇಕು. ನಮ್ಮಲ್ಲಿ ಮಾತ್ರ ಇಂಥ ಭೇಟಿಗಳಾಚೆಗೆ ಅವರ ಸುದ್ದಿ ಅಪರೂಪ. ಅದು ನೋವಿನ ಸಂಗತಿ.

ಮಗ ಯಿನ್‌ಹುವಾ ವೈದ್ಯಕೀಯ ಓದುತ್ತಿರುವಾಗಲೇ 1967ರಲ್ಲಿ ತೀರಿಕೊಂಡ. ಗುವೊ 2012ರವರೆಗೆ ಬದುಕಿದ್ದರು. ಶಿಜಿಯಾಝುವಾಂಗ್‌ನ ಆ ಶಾಲೆಯಲ್ಲಿ ಓದು ಮುಗಿಸಿದವರು ಈಗಲೂ ಕೋಟ್ನಿಸರ ಪ್ರತಿಮೆಯೆದುರು ನಿಂತು, ಅವರಂತೆ ದುಡಿಯುತ್ತೇವೆ ಎಂದು ಪ್ರತಿಜ್ಞೆ ಮಾಡುತ್ತಾರೆ.